ಬ್ಯಾನರಿನ ಬಾಳಿಕೆ

ಬಾಲಿನಾ ಊರಲ್ಲಿ, ಮೊಯ್ ನದಿಯ ಸೇತುವೆಗೆ
ಆ ಮಾರ್ಚಿ ಪೂರ್ತಿ ನನ್ನ ತಮ್ಮನ ಮುಖ ಕಟ್ಟಿದ್ದರು.
ಹನ್ನೆರಡಡಿ ಫೀಯಕ್ರ. ಹಲ್ಲೊಂದೊಂದೂ ಪಾವಿನಷ್ಟು.
ಕೆಳಗೆ ಸೊಂಟದಾಳದ ನೀರಲ್ಲಿ ಗಾಳ ಬಿಟ್ಟವರು
ತಲೆಯೆತ್ತದೆಯೇ ಹೇಳುತ್ತಿದ್ದರು:
ಮಲ್ಹರ್ನರ ಹುಡುಗ, ಗೆದ್ದೇ ಗೆಲ್ಲುತ್ತಾನೆ.

ಗೆಲ್ಲಲಿಲ್ಲ. ಮೂರನೆಯವನಾದ.

ಅಮ್ಮನ ಫೋನಿನಿಂದ ಅರವತ್ತೊಂದು ಸಲ
ಓಟು ಒತ್ತಿದವಳು ನಾನು.
ಬಿಲ್ಲು ಬಂದ ದಿನ ಅಪ್ಪ ಓದಿ, ಮಡಿಸಿ,
ಗಡಿಯಾರದ ಹಿಂದಿಟ್ಟ. ಮಾತಿಲ್ಲ, ಕತೆಯಿಲ್ಲ.
ಮುಂದಿನ ವಾರ ಎಣಿಸಿದರೆ
ಗುಡ್ಡದ ಮೇಲೆ ಎರಡು ಕುರಿ ಕಡಿಮೆ.

ಡಬ್ಲಿನ್ನಿನ ಕಂಪನಿ ಮೂಗಿಗೆ ತುಪ್ಪ ಸವರಿತು:
ಬಿಳಿ ಸೂಟು, ಬಿಳಿ ಷೂ, ಯಾರದೋ ಹಾಡು.
ಅವನದೇ ಹಾಡುಗಳ ನೋಟುಬುಕ್ಕು
ಆ ಸಭೆ ಮುಗಿಯುವತನಕ
ಒಬ್ಬಾತನ ಕಾಫಿ ಲೋಟದ ಅಡಿಯಲ್ಲಿತ್ತು.
(ಈಗಲೂ ರಟ್ಟಿನ ಮೇಲೆ ಆ ಕಂದು ಬಳೆ ಇದೆ.)
ಹೆಸರು ಲಂಡನ್ನಿನ ನಾಲಿಗೆಗೆ ಹೊರಳುವುದಿಲ್ಲವಂತೆ,
ಬರೀ 'ಫೀ' ಅಂದರೆ ಸಾಕಂತೆ.
ಅಪ್ಪ ಕೇಳಿದ: ಫೀ ಕೊಡುವವರು ಅವರೋ, ನಾವೋ?

ಆಲ್ಬಮ್ಮು ಮೊದಲ ವಾರ ನಾಲ್ಕಕ್ಕೆ ಏರಿತು,
ಎರಡನೇ ವಾರ ಇಪ್ಪತ್ತೊಂಬತ್ತಕ್ಕೆ ಜಾರಿತು,
ಅದರಾಚೆ ನಾವು ನೋಡುವುದನ್ನು ಬಿಟ್ಟೆವು.

ಆಮೇಲೆ
ಕಾಸಲ್‌ಬಾರಿನ ಟೈರು ಅಂಗಡಿಯ ರಿಬ್ಬನ್ನು.
ಯಾರದೋ ಮದುವೆ, ಊಟದ ತಟ್ಟೆಗಳ ಸದ್ದಿನೊಳಗೆ ಎರಡು ಹಾಡು.
ಟಲ್ಲಮೋರಿನಲ್ಲಿ ಕ್ರಿಸ್‌ಮಸ್ ದೀಪ ಹಚ್ಚಲು ಕರೆದಿದ್ದರು,
ಮಳೆ, ಕೊಡೆಗಳು, ಐದು ನಾಲ್ಕು ಮೂರು ಎಂದು ಮಕ್ಕಳ ಕೂಗು.
ಇವನು ಒತ್ತಿದ ಕೆಂಪು ಗುಂಡಿಗೆ ತಂತಿಯೇ ಇರಲಿಲ್ಲ.
ನಿಜದ ಸ್ವಿಚ್ಚು ಹಿಡಿದು ಕೌನ್ಸಿಲಿನವನೊಬ್ಬ
ವೇದಿಕೆಯ ಹಿಂದೆ ಸ್ಟೂಲಿನ ಮೇಲೆ ಕೂತಿದ್ದ.
ವ್ಯಾನಿನಲ್ಲಿ ಅದನ್ನು ಹೇಳುತ್ತ ನಕ್ಕ, ತುಂಬ ನಕ್ಕ,
ಲಾಂಗ್‌ಫರ್ಡ್ ದಾಟುವತನಕ ಮತ್ತೆ ಬಾಯಿ ಬಿಡಲಿಲ್ಲ.

ಕಂಪನಿಯ ಕೊನೆಯ ಪತ್ರ ಮೂರೇ ಸಾಲು.
ಅದರಲ್ಲೂ ಹೆಸರು ತಪ್ಪು.

ಎರಡನೆಯದನ್ನು ನಾವೇ ಮಾಡಿದೆವು
ಕಿಲ್ಲಾಲಾದ ದೋಣಿ ಶೆಡ್ಡಿನಲ್ಲಿ,
ಹಾಸಿಗೆಗಳನ್ನು ಗೋಡೆಗೆ ಒರಗಿಸಿಟ್ಟು.
ಕಿವಿಗೊಟ್ಟರೆ ಐದನೇ ಹಾಡಲ್ಲಿ ನಾಯಿಯೊಂದು ಮೈ ಕೊಡವುತ್ತದೆ.
ಮುನ್ನೂರು ಪ್ರತಿ ಒತ್ತಿಸಿದೆವು, ನೂರ ಎಂಬತ್ತು ಹೋದವು,
ಮಿಕ್ಕಿದ್ದು ನನ್ನ ಮಂಚದ ಕೆಳಗೆ.
ಗಡಿಯಾರದ ಹಿಂದಿನ ಬಿಲ್ಲಿನ ಮೇಲೂ ಒಂದು ಹಾಡಿದೆ.
ಅಪ್ಪನ ಮುಂದೆ ಅದನ್ನು ಇನ್ನೂ ಹಾಡಿಲ್ಲ.

ಮೊನ್ನೆ ಕ್ಲಿಫ್ಡನ್ನಿನ ಪಬ್ಬು:
ಲೋಟ ತೊಳೆಯುವವನನ್ನೂ ಸೇರಿಸಿ ಮೂವತ್ತನಾಲ್ಕು ಜನ.
ಬಾಗಿಲಲ್ಲಿ ದುಡ್ಡಿನ ಡಬ್ಬಿ ಹಿಡಿದು ನಾನು.
ಹಸಿರು ಕೋಟಿನ ಹೆಂಗಸೊಬ್ಬಳು ತಡೆದು ತಡೆದು ಕೇಳಿದಳು:
ನೀನು... ನೀನು ಅವನಾಗಿದ್ದವನಲ್ಲವೇ?
ಹೌದು, ಒಂದು ವಸಂತ ಆಗಿದ್ದೆ, ಎಂದ.
ಟೀವಿಯಲ್ಲಿ ಹಾಡಿದ್ದನ್ನೇ ಕೇಳಿದಳು. ಹಾಡಿದ,
ಎರಡು ಮನೆ ಕೆಳಗಿನ ಶ್ರುತಿಯಲ್ಲಿ, ಆತುರವಿಲ್ಲದೆ,
ಯಾರದೋ ಸಾಮಾನನ್ನು ಜೋಪಾನವಾಗಿ ಹಿಂದಿರುಗಿಸುವಂತೆ.
ಆಮೇಲೆ ತನ್ನದು. ಮಾತಾಡುತ್ತಿದ್ದವರು ಮಾತಾಡುತ್ತಲೇ ಇದ್ದರು,
ಲೋಟ ತೊಳೆಯುವವನು ಮಾತ್ರ ನಲ್ಲಿ ನಿಲ್ಲಿಸಿದ.

ಅಂದಹಾಗೆ ಆ ಬ್ಯಾನರು:
ಸೇತುವೆಯಿಂದ ಇಳಿಸಿದ ದಿನವೇ ಲೋರ್ಕನ್ ಚಿಕ್ಕಪ್ಪ ಕೇಳಿ ತಂದ.
ಒಳ್ಳೇ ಮಾಲು, ಹರಿಯುವುದಿಲ್ಲ, ಎಂದ.
ಜೌಗಿನಿಂದ ಕಡಿದು ತಂದ ಟರ್ಫಿನ ರಾಶಿಗೆ ಹೊದಿಸಿ
ನಾಲ್ಕೂ ಮೂಲೆಗೆ ಕಲ್ಲು ಹೇರಿದ.
ಒಂಬತ್ತು ವರ್ಷ. ಒಂದು ಕಣ್ಣು ಆಕಾಶಕ್ಕೆ,
ಇನ್ನೊಂದು ಮಡಿಕೆಯೊಳಗೆ.
ಆ ನಗುವಿನ ತಗ್ಗಲ್ಲಿ ಮಳೆ ನಿಂತರೆ
ಹಕ್ಕಿಯೊಂದು ಬಂದು ಕುಡಿದು ಹೋಗುತ್ತದೆ.

ನಿನ್ನೆ ಸಂಜೆ ಬಕೆಟ್ಟು ಹಿಡಿದು ಅವನೇ ಹೋದ.
ಕಲ್ಲು ಸರಿಸಿ, ಬಗ್ಗಿ, ತನ್ನ ಕೆನ್ನೆಯ ಅಂಚನ್ನು ಎತ್ತಿ
ಒಳಗೆ ಮೊಳಕೈವರೆಗೂ ಕೈ ಹಾಕಿದ.

ಒಣಗೇ ಇದೆ ಕಣೇ, ಅಂದ.